ವಾಸನೆಯಿಲ್ಲದ ನೀರು

ಫ್ರಿಜ್ಜಿನ ಬಾಗಿಲು ತೆಗೆದು ಅರೆದ ಸಾಸಿವೆಯ ಬಾಟಲಿಗೆ ಕೈ ಚಾಚಿದ ಹಾರ್ಲನ್, ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ಎಳೆದುಕೊಂಡ. ಸಾಸಿವೆಗೂ ಮಜ್ಜಿಗೆಯ ಡಬ್ಬಕ್ಕೂ ನಡುವೆ ಕಂದು ಬಣ್ಣದ ಬಾಟಲಿಯೊಂದು ಕೂತಿತ್ತು. ಅದರ ಮೇಲೆ ಹೆಣ್ಣುಜಿಂಕೆಯ ಚಿತ್ರ. ಅದಕ್ಕೆ ಒರಗಿಕೊಂಡು ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಕರ್ರಗೆ ಜಿಗುಟಾದ ಕೂದಲಿರುವ ಎರಡು ಚರ್ಮದ ತುಂಡು. ಅದೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆದೆಗೆ ಬಂದ ಗಂಡುಜಿಂಕೆ ಹಿಂಗಾಲುಗಳ ಒಳಮಗ್ಗುಲಿಗೆ ತಾನೇ ಉಚ್ಚೆ ಹೊಯ್ದುಕೊಂಡು ಉಜ್ಜಿಕೊಳ್ಳುವ ಜಾಗವದು. ಜಿಂಕೆ ಸುಲಿಯುವಾಗ ಹಾರ್ಲನ್ ಅಲ್ಲಿಗೆ ಬೆರಳು ಸೋಕಿಸುತ್ತಿರಲಿಲ್ಲ. ತಪ್ಪಿ ಚಾಕು ತಾಗಿದರೆ ಮಣ್ಣಿಗೆ ತಿಕ್ಕಿ ತೊಳೆಯದೆ ಅದನ್ನು ಮತ್ತೆ ಮಾಂಸಕ್ಕೆ ಹಚ್ಚುತ್ತಿರಲಿಲ್ಲ.

“ಕೋಲ್ಬೀ, ಏನಪ್ಪ ಇದು?”

ಅಳಿಯ ಹಜಾರದಿಂದ ಬಂದ. ಪಟ್ಟಣದಲ್ಲಿ ಹುಟ್ಟಿ ಬೆಳೆದ ಹುಡುಗ, ಟೈರ್ ಅಂಗಡಿಯಲ್ಲಿ ಕೆಲಸ. ವಸಂತದಲ್ಲಿ ಹಾರ್ಲನ್‌ನ ಮಗಳು ಜೋಲೀನಳನ್ನು ಮದುವೆಯಾಗಿ, ಬೇರೆ ಮನೆ ಸಿಗುವ ತನಕ ಎಂದು ಮಾವನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದ.

“ಹೆಣ್ಣುಜಿಂಕೆ ಉಚ್ಚೆ ಸರ್. ತಣ್ಣಗಿಡ್ಬೇಕು, ಇಲ್ಲಾಂದ್ರೆ ಕೆಟ್ಟೋಗುತ್ತೆ.”

“ಉಚ್ಚೆ ಕೆಟ್ಟೋದ್ರೆ ಏನಾಗುತ್ತೆ? ನಾರೋಕೆ ಶುರು ಮಾಡುತ್ತಾ?”

ಕೋಲ್ಬಿಗೆ ಕುಚೋದ್ಯ ತಿಳಿಯಲಿಲ್ಲ. “ಹೂಂ ಸರ್, ಅಮೋನಿಯಾ ಏರುತ್ತೆ. ಆಮೇಲೆ ಗಂಡುಜಿಂಕೆ ನಂಬಲ್ಲ.”

“ನಾನು ತಿನ್ನೋ ಸಾಸಿವೆ ಪಕ್ಕ ಇದು ಇರಕೂಡ್ದು. ಎಲ್ಲಾದ್ರೂ ಇಟ್ಕೋ. ನನ್ನ ಮನೇಲಿ ಬೇಡ.”

ಎಲ್ಲಾದರೂ ಇಟ್ಟುಕೋ ಎಂದು ತಾನೇ ಹೇಳಿದ್ದು ಆಮೇಲೆ ಅವನಿಗೆ ಬಹಳ ಸಲ ನೆನಪಾಯಿತು.

ಹುಡುಗ ಕೆಟ್ಟವನಲ್ಲ. ತಲೆ ತುಂಬ ವಾಸನೆ ತುಂಬಿಕೊಂಡಿದ್ದ, ಅಷ್ಟೆ. ಬೇಟೆಯ ಕಾಲ ಹತ್ತಿರ ಬರುತ್ತಿದ್ದಂತೆ ಅವನ ನೇಮಗಳು ಒಂದೊಂದಾಗಿ ಹೊರಬಿದ್ದವು. ಮನೆಯಲ್ಲಿ ಈರುಳ್ಳಿ ಹುರಿಯಬಾರದು, ಹಂದಿಮಾಂಸ ಕರಿಯಬಾರದು. ಮೈ ಒಳಗಿಂದಲೇ ಸ್ವಚ್ಛವಾಗಲಿ ಎಂದು ಹಸಿರು ಗುಳಿಗೆ ನುಂಗುತ್ತಿದ್ದ. ಅವನು ಹೋಗಿಬಂದ ಮೇಲೆ ಪಾಯಿಖಾನೆಗೆ ಹೋದ ಹಾರ್ಲನ್ ಬಾಗಿಲಲ್ಲೇ ಹಿಂದಿರುಗಿದ್ದುಂಟು. ಬೇಟೆಯ ಬಟ್ಟೆಗಳು ಮುಚ್ಚಳವಿರುವ ಡಬ್ಬದಲ್ಲಿ ಮಣ್ಣು ಮತ್ತು ಸಗಣಿಯ ಜೊತೆ ಮಲಗಿದ್ದವು. ಪಿಕಪ್ಪಿನಲ್ಲಿ ಕೂರುವಾಗ ಅವನು ಕಾಗದ ಹಾಸಿಕೊಳ್ಳುತ್ತಿದ್ದ. ಒಂದು ದಿನ ಮುದಿ ನಾಯಿಗೂ ಪಿಚಕಾರಿಯಿಂದ ಏನೋ ಹೊಡೆದ; ನಾಯಿ ಇಡೀ ಸಂಜೆ ತನ್ನನ್ನೇ ನೆಕ್ಕಿ ನೆಕ್ಕಿ ಕಂಬಳಿಯ ಮೇಲೆ ವಾಂತಿ ಮಾಡಿತು.

“ನಿಮ್ಮ ಕಾಲದಲ್ಲಿ ವಾಸನೆಗೆ ಏನು ಮಾಡ್ತಿದ್ರಿ ಸರ್?”

“ಗಾಳಿಗೆ ಮುಖ ಕೊಟ್ಟು ಕೂರ್ತಿದ್ವಿ.”

“ಅಷ್ಟೇನಾ?”

“ಇನ್ನೇನು? ಗಾಳಿ ಬೆನ್ನಿಗಿದ್ರೆ ದೇವದೂತ ಬಂದು ಕೂತ್ರೂ ಹುಲ್ಲೆಗೆ ಗೊತ್ತಾಗುತ್ತೆ.”

ಹಾರ್ಲನ್ ಇಷ್ಟನ್ನೂ ಸಹಿಸಿಕೊಂಡದ್ದಕ್ಕೆ ಕಾರಣ ಗೇಟು.

ಆ ಸೀಮೆಯಲ್ಲಿ ಬೇಲಿಯಿಲ್ಲದ ನೆಲವೇ ಉಳಿದಿರಲಿಲ್ಲ. ಹೊರಗಿನಿಂದ ಬರುವ ಬೇಟೆಗಾರರಿಗಾಗಿ ದಲ್ಲಾಳಿಗಳು ಒಂದೊಂದೇ ಜಮೀನನ್ನು ಗುತ್ತಿಗೆ ಹಿಡಿದು ಬೀಗ ಜಡಿದಿದ್ದರು. ಹಾರ್ಲನ್‌ಗೆ ಉಳಿದಿದ್ದದ್ದು ಕಾಟನ್‌ವುಡ್ ಹಳ್ಳದ ಮೇಲಿನ ಸಿಗ್ನಿಯಮ್ಮನ ಜಮೀನು ಒಂದೇ. ಅವಳ ಗಂಡ ಇವನ ಅಪ್ಪನಿಗೆ ಒಳಗೆ ಬಂದು ಬೇಟೆಯಾಡಲೆಂದು ಗೇಟು ಬಿಟ್ಟುಕೊಟ್ಟಿದ್ದ. ಅಪ್ಪನಿಂದ ಇವನಿಗೆ ಬಂದಿತ್ತು. ಅದಕ್ಕೆ ಬರಹವಿಲ್ಲ. ಮೊದಲು ಬಿದ್ದ ಹುಲ್ಲೆಯ ಒಂದು ಹಿಂದೊಡೆಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಅಡುಗೆಮನೆಗೆ ಒಯ್ದುಕೊಡಬೇಕು, ಅವಳು ಕೊಟ್ಟ ಕಾಫಿ ಕುಡಿಯಬೇಕು. ಕಾಫಿ ಕುಡಿದೆದ್ದರೆ ಮುಂದಿನ ವರ್ಷಕ್ಕೂ ಗೇಟು ಇದೆ ಎಂದು ಅರ್ಥ. ಹಾರ್ಲನ್ ಮನೆಯವರು ಚಳಿಗಾಲವಿಡೀ ತಿನ್ನುತ್ತಿದ್ದದ್ದು ಆ ನೆಲದ ಮಾಂಸ.

ಈಗ ಸಿಗ್ನಿಯಮ್ಮನಿಗೆ ಎಂಬತ್ತು ದಾಟಿತ್ತು, ಹಾರ್ಲನ್‌ನ ಮಂಡಿ ಸವೆದಿತ್ತು. ಕ್ಯಾಸ್ಪರ್ ಪಟ್ಟಣದಲ್ಲಿದ್ದ ಅವಳ ತಂಗಿಯ ಮಗ ದಲ್ಲಾಳಿಯ ಜೊತೆ ಮಾತಾಡಲು ಶುರುಮಾಡಿದ್ದ. ಬೇಸಿಗೆಯಲ್ಲಿ ಅವಳು ಹಾರ್ಲನ್‌ನನ್ನು ಕರೆಸಿ ಹೇಳಿದ್ದಳು: “ನಾನು ಹೇಳ್ದಂಗೆ ಕೇಳ್ತೀನಿ ಅಂದಿದಾನೆ ಅವ್ನು. ನಿನ್ನ ಕಾಲು ಬಿದ್ಮೇಲೆ ನಿನ್ನ ಅಳಿಯನಿಗೆ ಗೇಟು ಕೊಡ್ಬೇಕೋ ಬೇಡ್ವೋ, ನಾನು ಕಣ್ಣಾರೆ ನೋಡ್ಬೇಕು. ಈ ಸಲ ಕರ್ಕೊಂಡು ಬಾ. ಗೇಟು ಹಾಕೋಕೆ ಬರುತ್ತಾ ಅವನಿಗೆ?”

“ಕಲಿಸ್ತೀನಿ.”

ಕಲಿಸಿಯೂ ಇದ್ದ. ತಂತಿಯ ಗೇಟಿಗೆ ಭುಜ ಕೊಟ್ಟು ಒತ್ತುವುದು, ಕುಣಿಕೆ ಏರಿಸುವುದು, ಏರಿಸಿದ ಮೇಲೆ ಒಮ್ಮೆ ಅಲ್ಲಾಡಿಸಿ ನೋಡುವುದು. ಪಕ್ಕದಲ್ಲಿ ಕೂತವನೇ ಇಳಿದು ಗೇಟು ಹಾಕುವುದು ಅಲ್ಲಿಯ ಮರ್ಯಾದೆ. ಸಿಗ್ನಿಯಮ್ಮ ಕಿಟಕಿಯಿಂದ ನೋಡುತ್ತಿರುತ್ತಾಳೆ ಎಂಬುದನ್ನೂ ಹೇಳಿದ್ದ. ಬುಧವಾರ ಕೋಲ್ಬಿ ಒಬ್ಬನೇ ಹೋಗಿ ದನದ ತೊಟ್ಟಿಯ ಹತ್ತಿರ ಮರೆಗುಂಡಿ ತೋಡಿ, ಬಂದ ಮೇಲೆ “ಎರಡು ಸಲ ಅಲ್ಲಾಡಿಸಿ ನೋಡ್ದೆ ಸರ್” ಎಂದಾಗ ಹಾರ್ಲನ್‌ಗೆ ಸಮಾಧಾನವಾಯಿತು. ಮತ್ತೇನು ಮಾಡಿ ಬಂದೆ ಎಂದು ಅವನು ಕೇಳಲಿಲ್ಲ.

ಶನಿವಾರ ಬೆಳಗಿನಿಂದ ಇಬ್ಬರೂ ಹುಲ್ಲೆಗೆ ಕಾಯುತ್ತ ಗುಂಡಿಯಲ್ಲಿ ಕೂತರು. ಮೇಲೆ ಸೇಜ್ ಎಂಬ ಘಾಟು ಘಮದ ಕುರುಚಲು ಗಿಡದ ರೆಂಬೆಗಳ ಮುಚ್ಚಿಗೆ, ಮುಂದೆ ಬಿಲ್ಲು ಎಳೆಯುವಷ್ಟು ಸಂದು. ಸಂದಿನ ಆಚೆ ದನದ ತೊಟ್ಟಿ, ಅದರ ಹಿಂದೆ ಏರು, ಏರಿನ ಮೇಲೆ ಕಾಡು ಚೆರಿಯ ಪೊದೆ. ಗಾಳಿ ಮುಖಕ್ಕೇ ಬೀಸುತ್ತಿತ್ತು, ಹದವಾಗಿ, ಬೇಟೆಗಾರ ಬೇಡಿಕೊಳ್ಳುವಂಥ ಗಾಳಿ.

ಆದರೆ ಗುಂಡಿಯೊಳಗೆ ಕೂರಲಾಗುತ್ತಿರಲಿಲ್ಲ. ಕೋಲ್ಬಿ ಮೈಗೆ ಮೆತ್ತಿಕೊಂಡ ಸಗಣಿ ಒಣಗಿ ಚಕ್ಕೆಯಾಗಿ ಉದುರುತ್ತಿತ್ತು. ಬಿಸಿಲೇರಿದಂತೆ ಅದರಡಿಯ ಬೆವರು ಹುಳಿಯಾಯಿತು. ಅವನು ಹೊರಗೆ ಹೋಗದೆ ಗುಂಡಿಯಲ್ಲೇ ಒಂದು ಬಾಟಲಿಗೆ ಉಚ್ಚೆ ಹೊಯ್ದು, ಮುಚ್ಚಳ ಬಿಗಿದು, ಆ ಬಿಸಿ ಬಾಟಲಿಯನ್ನು ಹಾರ್ಲನ್‌ನ ಬೂಟಿನ ಪಕ್ಕ ನಿಲ್ಲಿಸಿದ. ಇದೆಲ್ಲದರ ಮೇಲೆ ಇನ್ನೊಂದು ನಾತ ಆಗಾಗ ಬಂದು ಹೋಗುತ್ತಿತ್ತು. ಹಳೆಯ ಗಂಡುಜಿಂಕೆಯ ಮದದ ನಾತ, ಗಂಟಲ ಬುಡಕ್ಕೆ ಹೋಗಿ ಅಂಟುವಂಥದ್ದು.

“ಆ ಚೀಲ ಜೇಬಲ್ಲಿ ಇಟ್ಕೊಂಡಿದೀಯಾ?” ಎಂದು ಹಾರ್ಲನ್ ಪಿಸುಗುಟ್ಟಿದ.

“ಇಲ್ಲ ಸರ್. ಅದು ನಾಳೆ ಜಿಂಕೆಗೆ.”

ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು ಹಾರ್ಲನ್ ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡ. ಗಾಳಿ ಎದುರಿನಿಂದ ಬೀಸುವಾಗ ಪಕ್ಕದವನ ವಾಸನೆ ಎದುರಿನಿಂದ ಹೇಗೆ ಬರಬೇಕು? ಗಾಳಿಯನ್ನು ನಂಬಿಯೇ ಬದುಕಿದವನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂಟಿ ಗಂಡುಹುಲ್ಲೆಯೊಂದು ಬಯಲಿನಿಂದ ಬಂತು. ನಿಂತು ನೋಡಿತು, ನಾಲ್ಕು ಹೆಜ್ಜೆ ಬಂತು, ಮತ್ತೆ ನಿಂತಿತು. ತೊಟ್ಟಿಯ ಅಂಚಿಗೆ ಮೂತಿ ಇಳಿಸಿದ್ದು ತಟ್ಟನೆ ಎತ್ತಿ, ಮೇಲ್ದುಟಿ ಸುರುಟಿ, ತಲೆ ಕೊಡವಿತು. ನೀರು ಕುಡಿಯಲಿಲ್ಲ. ಅಷ್ಟರಲ್ಲಿ ಕೋಲ್ಬಿಯ ಬಾಣ ಹೋಗಿತ್ತು. ಒಳ್ಳೆಯ ಹೊಡೆತ, ಪಕ್ಕೆಲುಬಿನ ನಡುವೆ, ಒಳಗಿನ ನೋವು ಬಹಳ ಹೊತ್ತು ಉಳಿಯದಂಥದ್ದು. ಹುಲ್ಲೆ ಕಲ್ಲೆಸೆತದ ದೂರ ಓಡಿ ಮಡಚಿಕೊಂಡು ಬಿತ್ತು.

“ನೋಡಿದ್ರಾ ಸರ್, ನಮ್ಮ ವಾಸನೇನೇ ಸಿಗ್ಲಿಲ್ಲ ಅದಕ್ಕೆ.”

“ಹೂಂ” ಎಂದ ಹಾರ್ಲನ್. ಹುಡುಗನ ಮೇಲೆ ಅವನಿಗೆ ಸ್ವಲ್ಪ ಪ್ರೀತಿಯೂ ಬಂತು.

ಆ ಪ್ರೀತಿ ಹುಲ್ಲೆಯ ಹೊಟ್ಟೆ ಬಗೆಯುವ ತನಕ ಇತ್ತು. ಬಿಸಿ ಹಬೆ ಮೇಲೆದ್ದು ಮುಖಕ್ಕೆ ಬಡಿದಾಗ ಕೋಲ್ಬಿ ಗವಸು ಹಾಕಿದ ಕೈಯನ್ನು ದೂರ ಹಿಡಿದು, ಪಕ್ಕಕ್ಕೆ ತಿರುಗಿ, ಬೆಳಗ್ಗೆ ತಿಂದದ್ದನ್ನೆಲ್ಲ ಹೊರಹಾಕಿದ.

“ಉಚ್ಚೆ ಬಾಟ್ಲಿ ಜೊತೆ ಸಂಸಾರ ಮಾಡೋನಿಗೆ ಇದು ನಾತವಾ? ಇದು ಹುಲ್ಲು ಕಣೋ. ಹುಲ್ಲು, ಸೇಜ್ ಸೊಪ್ಪು. ಸರಿ, ನೀನು ಕಾಲು ಹಿಡಿ ಸಾಕು.”

ಹಾರ್ಲನ್ ತಾನೇ ಬಗೆದ. ಬಿಸಿಲಿಗೆ ಹುಲ್ಲೆಯ ಮಾಂಸ ಬೇಗ ಕೆಡುತ್ತದೆ. ಚರ್ಮ ಬಿಡಿಸಿ, ತೊಡೆ ಬೇರ್ಪಡಿಸಿ, ನೆರಳಲ್ಲಿ ಗಾಳಿಗೆ ತೂಗುಹಾಕಿದ. ಸಿಗ್ನಿಯಮ್ಮನ ಪಾಲಿನ ಹಿಂದೊಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದ. ಕೈ ತೊಳೆಯಲು ದನದ ತೊಟ್ಟಿಯ ಕಡೆ ಹೊರಟವನಿಗೆ ಕೋಲ್ಬಿ, “ಒಂದು ನಿಮಿಷ ಸರ್. ಮೇಲೆ ನನ್ನ ಸಾಮಾನಿದೆ, ತಗೊಂಡು ಬರ್ತೀನಿ. ಅಲ್ಲಿ ನೀರೂ ಚೆನ್ನಾಗಿದೆ” ಎಂದ.

“ಮೇಲೆ ಎಲ್ಲಿ?”

“ಆ ಪೊದೆ ಹಿಂದೆ. ಫ್ರಿಜ್ಜಿಗಿಂತ ತಣ್ಣಗಿದೆ ಅಲ್ಲಿ.”

ಹಾರ್ಲನ್ ಮಂಡಿ ಹಿಡಿದುಕೊಂಡು ಏರು ಹತ್ತಿದ. ಚೆರಿ ಪೊದೆಯ ಹಿಂದೆ ಒರತೆಯ ತೊಟ್ಟಿ. ಸಿಗ್ನಿಯಮ್ಮನ ಗಂಡ ಕಟ್ಟಿದ್ದು, ಮಂಡಿಯೆತ್ತರದ ಸಿಮೆಂಟಿನ ಪೆಟ್ಟಿಗೆ, ಮೇಲೆ ಹಲಗೆಯ ಮುಚ್ಚಳ. ಕೋಲ್ಬಿ ಮುಚ್ಚಳ ಎತ್ತಿದ. ಗುಂಡಿಯಲ್ಲಿ ಆಗಾಗ ಬಂದುಹೋಗುತ್ತಿದ್ದ ನಾತ ಈಗ ಇಡಿಯಾಗಿ ಎದ್ದುಬಂದು ಮುಖದ ಮೇಲೆ ಕೂತಿತು.

ನೀರಿನ ಮೇಲೆ ಹಳದಿಯ ಪೊರೆ. ಪೊರೆಯ ಮೇಲೆ ಕರಿಯ ಕೂದಲು. ಹಗ್ಗಕ್ಕೆ ಕಟ್ಟಿದ ಕಾಲುಚೀಲ, ಬನಿಯನು, ಚಡ್ಡಿ ಬೂದು ಬಣ್ಣಕ್ಕೆ ತಿರುಗಿ ಊದಿಕೊಂಡು ತೇಲುತ್ತಿದ್ದವು. ಪ್ಲಾಸ್ಟಿಕ್ ಚೀಲದ ಬಾಯಿ ಬಿಟ್ಟುಕೊಂಡು ಅದರೊಳಗಿನ ತುಂಡುಗಳಲ್ಲಿ ಒಂದು ಕೊಳವೆಯ ಬಾಯಿಯ ಜಾಲರಿಗೆ ಹೋಗಿ ಒತ್ತಿಕೊಂಡಿತ್ತು. ಕಂದು ಬಾಟಲಿ ತಲೆಕೆಳಗಾಗಿ ಮೂಲೆಯಲ್ಲಿ ಆಡುತ್ತಿತ್ತು, ಖಾಲಿ.

“ಅಯ್ಯೋ, ಮುಚ್ಚಳ ಸಡಿಲ ಆಗ್ಬಿಟ್ಟಿದೆ” ಎಂದ ಕೋಲ್ಬಿ. ಅವನಿಗೆ ಬಾಟಲಿಯ ಚಿಂತೆ.

“ಯಾವಾಗಿಂದ ಇದೆ ಇದು?”

“ಬುಧವಾರ ಸರ್. ಊರಿನ ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಬರುತ್ತಲ್ಲ, ಹುಲ್ಲೆ ಹಿಡಿದ್ಬಿಡುತ್ತೆ. ಇದು ವಾಸನೇನೇ ಇಲ್ದಿರೋ ನೀರು. ಅದಕ್ಕೆ ಇಲ್ಲೇ ಸ್ನಾನ ಮಾಡ್ಕೊಂಡು, ಬಟ್ಟೆ ಸೋಡಾದಲ್ಲಿ ನೆನೆಹಾಕಿ…”

“ಇದರೊಳಗೆ ಸ್ನಾನ ಮಾಡಿದ್ಯಾ?”

“ಒಳಗಿಳೀಲಿಲ್ಲ ಸರ್. ಅಂಚಿನ ಮೇಲೆ ಕೂತ್ಕೊಂಡು ಮಾಡ್ದೆ.”

ಹಾರ್ಲನ್ ಬೆರಳು ತೋರಿಸಿದ. “ಆ ಕೊಳವೆ ಎಲ್ಲಿಗೆ ಹೋಗುತ್ತೆ ಗೊತ್ತಾ?”

“ದನದ ತೊಟ್ಟಿಗೆ ಅಲ್ವಾ?”

“ಅದು ಮೇಲಿನದು, ಉಕ್ಕಿದ ನೀರಿಗೆ. ಕೆಳಗಿನದು?”

ಕೋಲ್ಬಿ ಕೊಳವೆಯ ದಿಕ್ಕಿನಲ್ಲೇ ಕಣ್ಣು ಹಾಯಿಸಿದ. ಇಳಿಜಾರು, ಬೇಲಿ, ಬೇಲಿಯಾಚೆ ಸಿಗ್ನಿಯಮ್ಮನ ಬಿಳಿ ಮನೆ, ಹೊಗೆಯಾಡುವ ಚಿಮಣಿ. ನೀರು ಊರಿನಿಂದ ಬರುತ್ತದೆ ಎಂದು ನಂಬಿ ಬೆಳೆದವನು ಅವನು. ಅವನ ಮುಖ ನಿಧಾನವಾಗಿ ಬಿಳಿಚಿಕೊಂಡಿತು.

ಇಬ್ಬರೂ ಎಲ್ಲವನ್ನೂ ಎಳೆದು ಹಾಕಿದರು. ಜಾಲರಿಗೆ ಅಂಟಿದ ತುಂಡು ಬೆರಳಿನಲ್ಲಿ ಜಾರಿ ಜಾರಿ ಹೋಯಿತು; ಕಡೆಗೆ ಹಾರ್ಲನ್ ಉಗುರು ಊರಿ ಕಿತ್ತ. ಬಕೀಟಿನಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದರು. ಹೊಸ ನೀರು ಬುಡದಿಂದ ತಣ್ಣಗೆ ಚಿಮ್ಮಿತಾದರೂ ಗೋಡೆಗೆ ಹಿಡಿದ ಜಿಡ್ಡು ಹಿಡಿದೇ ಇತ್ತು.

“ಸರ್” ಎಂದ ಕೋಲ್ಬಿ, “ಅಷ್ಟು ನೀರಲ್ಲಿ ಒಂದು ಬಾಟ್ಲಿ ಎಷ್ಟರದ್ದು? ಉಚ್ಚೇಲಿ ಇರೋದೂ ನೀರೇ ತಾನೆ. ಈಗ ಸರಿ ಹೋಯ್ತಲ್ಲ, ಹೇಳ್ಲೇಬೇಕಾ?”

ಹಾರ್ಲನ್‌ಗೆ ಅವನ ಮುಖಕ್ಕೆ ಬಕೀಟು ಎಸೆಯಬೇಕೆನಿಸಿತು. ಎಸೆಯಲಿಲ್ಲ, ಏಕೆಂದರೆ ಮೊಗೆಯುವಷ್ಟು ಹೊತ್ತೂ ಅವನೂ ಅದನ್ನೇ ಲೆಕ್ಕ ಹಾಕುತ್ತಿದ್ದ. ಕೊಳವೆಯಲ್ಲಿರುವುದು ಹರಿದುಹೋದರೆ, ನೆಲಮಾಳಿಗೆಯ ಟ್ಯಾಂಕು ಒಮ್ಮೆ ಖಾಲಿಯಾದರೆ. ಮುದುಕಿಗೆ ಮೂಗು ಮಂದವಾಗಿರಲೂಬಹುದು. ಬಾಯಿಗೆ ಬಂದ ಉಗುಳನ್ನು ನುಂಗಲಾರದೆ ಉಗಿದ. “ತೊಡೆ ಎತ್ಕೋ. ಹೋಗೋಣ.”

ಸಿಗ್ನಿಯಮ್ಮ ಬಾಗಿಲಲ್ಲೇ ನಿಂತಿದ್ದಳು. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲು ಬಾಚಿ ಕಟ್ಟಿದ್ದು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ಮೇಜಿನ ಮೇಲೆ ಆಲೂಗಡ್ಡೆಯ ತೆಳು ರೊಟ್ಟಿಗೆ ಬೆಣ್ಣೆ ಸವರಿ ಮಡಚಿಟ್ಟಿದ್ದಳು. ಇಡೀ ಮನೆಗೆ ಸೋಪಿನ ಘಮ, ಘಮದಡಿಯಲ್ಲಿ ಅದೇ ನಾತ.

ತೊಡೆಯ ಬಟ್ಟೆ ಬಿಡಿಸಿ, ಮೂಳೆಯ ಸಂದಿಗೆ ಮೂಗು ತಾಗಿಸಿ ನೋಡಿ ಅವಳು ತಲೆಯಾಡಿಸಿದಳು. “ಚೆನ್ನಾಗಿ ಆರಿಸಿದೀಯ. ಯಾರು ಹೊಡೆದಿದ್ದು?”

“ಇವನೇ.”

“ಗೇಟೂ ಚೆನ್ನಾಗೇ ಹಾಕ್ತಾನೆ. ಬುಧವಾರ ನೋಡ್ದೆ, ಅದಕ್ಕೆ ದೆವ್ವ ಹಿಡಿದಿದೆಯೇನೋ ಅನ್ನೋ ಹಂಗೆ ಅಲ್ಲಾಡಿಸ್ತಿದ್ದ. ಕೂತ್ಕೊಳ್ಳಪ್ಪ. ಸಗಣಿಯಲ್ಲಿ ಹೊರಳಾಡಿದೀಯಲ್ಲ, ಕುರ್ಚಿ ಮೇಲೆ ಪೇಪರ್ ಹಾಕ್ಕೋ.”

ಮೂರು ಬಟ್ಟಲು ತುಂಬಿದವು. ಹಾರ್ಲನ್ ಬಟ್ಟಲು ಎತ್ತಿದ. ಹಬೆ ಮೂಗಿಗೆ ಬಡಿಯಿತು. ಗೇಟು, ಎಂದು ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಂಡು ಒಂದು ಗುಟುಕು ನುಂಗಿದ. ಬಿಸಿ, ಕಹಿ, ಇಳಿದ ಮೇಲೆ ನಾಲಿಗೆಯ ಹಿಂದೆ ಏನೋ ಉಳಿಯಿತು, ಕೂದಲು ಅಂಟಿದ ಹಾಗೆ. ಕೋಲ್ಬಿಯೂ ಕಣ್ಣು ಮುಚ್ಚಿ ಕುಡಿದ.

ಸಿಗ್ನಿಯಮ್ಮ ಮಾತ್ರ ಕೂರಲಿಲ್ಲ. ಮೇಜಿನಿಂದ ದೂರ, ಕಿಟಕಿಯ ಹತ್ತಿರವೇ ನಿಂತಿದ್ದಳು.

“ನೀವು ಬನ್ನಿ, ಕೂತ್ಕೊಳ್ಳಿ ಸಿಗ್ನಿಯಮ್ಮ.”

“ಇಲ್ಲೇ ಇರ್ತೀನಿ. ನಿಮಗೂ ಬಡೀತಾ ಇದೆ ಅಲ್ವಾ? ಮರ್ಯಾದೆಗೆ ಸುಮ್ನಿದೀರಿ.” ಅವಳು ತೋಳನ್ನು ಮೂಗಿಗೆ ಹಿಡಿದು ಕೆಳಗಿಳಿಸಿದಳು. “ನಾನೇ ಕಣೋ ಅದು. ಎರಡು ಮೂರು ದಿನದಿಂದ ನನ್ನ ಮೈಯೇ ಹಿಂಗೆ ನಾರ್ತಿದೆ. ಬೆಳಗ್ಗೆ ಸಂಜೆ ಸ್ನಾನ ಮಾಡ್ತಿದೀನಿ, ಹಾಸಿಗೆ ಬಟ್ಟೆ ಎಲ್ಲಾ ಒಗೆದೆ. ತೊಳೆದಷ್ಟೂ ಜಾಸ್ತಿ. ನಮ್ಮತ್ತೆ ಕೊನೇಲಿ ಹಿಂಗೇ ಆಗಿದ್ಲು. ನಾನು ಅವಳ ಊಟದ ತಟ್ಟೆ ಬಾಗಿಲಾಚೆ ಇಟ್ಟು ಬರ್ತಿದ್ದೆ, ಒಳಗೆ ಹೋಗ್ತಿರ್ಲಿಲ್ಲ.”

ಅವಳು ಕಿಟಕಿಯ ಗಾಜನ್ನು ಮೇಲೆತ್ತಿದಳು.

“ನಾಳೆ ತಂಗಿ ಮಗನಿಗೆ ಫೋನ್ ಮಾಡ್ತೀನಿ. ಬಂದು ಕರ್ಕೊಂಡು ಹೋಗಿ ಎಲ್ಲಾದ್ರೂ ಸೇರಿಸ್ಲಿ. ಹೋಗೋಕೆ ಮುಂಚೆ ಗೇಟಿನ ಮಾತು ಮುಗಿಸ್ಬಿಡೋಣ ಅಂತ. ನಿನ್ನ ನಂತರ ಇವನಿಗೇ ಇರ್ಲಿ, ಹಾರ್ಲನ್. ಹುಡುಗ ಕಾಫಿಗೆ ಮುಖ ಸಿಂಡರಿಸ್ಲಿಲ್ಲ.”

ಕೋಲ್ಬಿ ತಲೆ ತಗ್ಗಿಸಿ ರೊಟ್ಟಿಯನ್ನೇ ನೋಡುತ್ತಿದ್ದ. ಹಾರ್ಲನ್‌ಗೆ ಬೇಕಾದದ್ದು ಮೇಜಿನ ಮೇಲೆ ಬಂದು ಕೂತಿತ್ತು. ಬಾಯಿ ಮುಚ್ಚಿಕೊಂಡು ಬಟ್ಟಲು ಮುಗಿಸಿದರೆ ಸಾಕು. ಮುದುಕಿಯ ಒದ್ದೆ ಕೂದಲಿನಿಂದ ಒಂದು ಹನಿ ಕತ್ತಿನ ಮೇಲೆ ಇಳಿಯಿತು. ಅವಳು ಅದನ್ನು ಅಸಹ್ಯದಿಂದ, ಯಾರೋ ಪರರ ಮೈಯನ್ನು ಒರೆಸುವ ಹಾಗೆ, ಒರೆಸಿಕೊಂಡಳು.

ಹಾರ್ಲನ್ ಬಟ್ಟಲು ಕೆಳಗಿಟ್ಟ. “ನೀವಲ್ಲ ಸಿಗ್ನಿಯಮ್ಮ. ನೀರು.”

“ಏನು ನೀರು?”

ಅವನು ಹೇಳಿದ. ಬಾಟಲಿ, ಚೀಲ, ಚಡ್ಡಿ, ಒಂದನ್ನೂ ಬಿಡಲಿಲ್ಲ. ಫ್ರಿಜ್ಜಿನಿಂದ ಹೊರಗೆ ಹಾಕಿದವನು ತಾನೇ ಎಂಬುದನ್ನೂ ಹೇಳಿದ. ಕುಡಿದ ಮೇಲೆ ಹೇಳುತ್ತಿದ್ದೇನೆ ಎಂಬುದಂತೂ ಮೇಜಿನ ಮೇಲೇ ಕಾಣುತ್ತಿತ್ತು.

ಅವಳು ಕಿಟಕಿಯಿಂದ ಬಂದು ಕುರ್ಚಿಯ ಮೇಲೆ ಕೂತಳು. “ನಾನಲ್ಲ” ಎಂದಳು. ಮತ್ತೊಮ್ಮೆ, “ನಾನಲ್ಲ.” ಕಣ್ಣಿನಲ್ಲಿ ನೀರು ಬಂತು, ತೋಳಿಂದ ಒರೆಸಿಕೊಳ್ಳಲು ಹೋದವಳು ತೋಳಿನ ನಾತಕ್ಕೆ ಮುಖ ತಿರುಗಿಸಿದಳು. ಅಲ್ಲಿಂದ ಅವಳ ಮುಖ ಗಟ್ಟಿಯಾಯಿತು.

“ಯಾಕಪ್ಪಾ ಇಷ್ಟೆಲ್ಲಾ ತೊಳ್ಕೊಂಡೆ?”

“ಹುಲ್ಲೆಗೆ ವಾಸನೆ ಗೊತ್ತಾಗ್ಬಾರ್ದು ಅಂತ, ಮೇಡಂ” ಎಂದ ಕೋಲ್ಬಿ. ದನಿ ಕೇಳಿಸುತ್ತಲೇ ಇರಲಿಲ್ಲ.

“ಹುಲ್ಲೆಗೆ ಗೊತ್ತಾಗ್ಬಾರ್ದು ಅಂತ ನಿನ್ನ ಚಡ್ಡಿ ಹಿಂಡಿ ನನಗೆ ಕುಡಿಸ್ದೆ.” ಅವಳು ಎದ್ದು ಕೆಟಲನ್ನು ಬಾಗಿಲಾಚೆ ಚೆಲ್ಲಿದಳು. ರೊಟ್ಟಿಯ ತಟ್ಟೆಯೂ ಹಿಂದೆಯೇ ಹೋಯಿತು. ಕೋಳಿಗಳು ಓಡಿ ಬಂದು ಮುತ್ತಿದವು. “ಅದರ ಹಿಟ್ಟು ಕಲಸಿದ್ದೂ ಆ ನೀರಲ್ಲೇ. ನಿನ್ನೆ ಪೂರ್ತಿ ಅದೇ ತಿಂದಿದೀನಿ.”

“ತಪ್ಪಾಯ್ತು ಮೇಡಂ.”

“ಆಯ್ತು. ತೊಡೆ ವಾಪಸ್ ಒಯ್ಯಿರಿ. ಬೇಯಿಸೋಕೆ ನನ್ನ ಮನೇಲಿ ನೀರಿಲ್ಲ.”

ಹಾರ್ಲನ್ ತೊಡೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಅಪ್ಪನ ಕಾಲದಿಂದ ಇಂದಿನ ತನಕ ಆ ಅಡುಗೆಮನೆಯಿಂದ ತೊಡೆ ಹಿಂದೆ ಬಂದಿರಲಿಲ್ಲ.

“ಇವತ್ತೇ ನೀರು ತಂದು ಕೊಡ್ತೀನಿ” ಎಂದ. “ನಾಳೆಯಿಂದ ಒರತೆ ತಿಕ್ಕಿ ತೊಳೀತೀವಿ. ಟ್ಯಾಂಕು, ಕೊಳವೆ, ಎಲ್ಲಾನೂ.”

“ತೊಳೀಲೇಬೇಕು. ತೊಳೀತಾನೆ ಅವನು, ನೀನು ನಿಂತು ನೋಡು. ಅವನು ಅದಕ್ಕೆ ಮಾತ್ರ ಬಂದು ಹೋಗ್ಲಿ.” ಅವಳು ಹಾರ್ಲನ್ ಕಡೆ ತಿರುಗಿದಳು. “ನಿನ್ನ ಕಾಲು ನಡೆಯೋ ತನಕ ನೀನು ಬಾ. ಅವನಿಗೆ ಗೇಟಿಲ್ಲ. ಆಮೇಲೆ ಏನಾದ್ರೂ ಆಗ್ಲಿ, ನಾನಿರಲ್ಲ.”

“ಫೋನ್ ಮಾಡ್ತೀರಾ, ತಂಗಿ ಮಗನಿಗೆ?”

“ಯಾಕೆ ಮಾಡ್ಲಿ? ನನಗೇನಾಗಿದೆ?”

ಪಿಕಪ್ಪು ಗೇಟಿನ ಹತ್ತಿರ ಬಂದಾಗ ಅಭ್ಯಾಸದಂತೆ ಕೋಲ್ಬಿ ಬಾಗಿಲಿಗೆ ಕೈ ಹಾಕಿದ. “ಕೂತ್ಕೋ” ಎಂದ ಹಾರ್ಲನ್. ತಾನೇ ಇಳಿದು, ಗೇಟು ತೆಗೆದು, ಗಾಡಿ ದಾಟಿಸಿ, ಮತ್ತೆ ಇಳಿದ. ಮಂಡಿ ಕಟಕ್ಕೆಂದಿತು. ಕಂಬಕ್ಕೆ ಭುಜ ಕೊಟ್ಟು ಒತ್ತಿದ. ಮೊದಲ ಸಲ ಕುಣಿಕೆ ಏರಲಿಲ್ಲ, ಎರಡನೆಯ ಸಲವೂ ಏರಲಿಲ್ಲ. ಉಸಿರು ಎಳೆದುಕೊಂಡು ನಿಂತ. ಹಿಂದೆ ಬಿಳಿ ಮನೆಯ ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಕಡೆಗೆ ಏರಿತು. ಅಲ್ಲಾಡಿಸಿ ನೋಡಿದ. ಬೇಲಿಯ ಪಕ್ಕದಿಂದ ಸೇಜ್ ಸೊಪ್ಪು ಕಿತ್ತು ಅಂಗೈಯಲ್ಲಿ ಪುಡಿಯಾಗುವ ತನಕ ತಿಕ್ಕಿ ಮೂಸಿದ. ಸೊಪ್ಪಿನ ಕಹಿ ಘಮ ಮೇಲೆ ಇತ್ತು. ಉಗುರಿನ ಸಂದಿಯಿಂದ ಆ ನಾತ ಹಾಗೆಯೇ ಬರುತ್ತಿತ್ತು.

“ನನ್ನ ಹತ್ರ ವಾಸನೆ ಹೋಗೋ ಸೋಪಿದೆ ಸರ್” ಎಂದ ಕೋಲ್ಬಿ, ಅವನು ಹತ್ತಿ ಕೂತ ಮೇಲೆ.

ಹಾರ್ಲನ್ ಎರಡೂ ಕಡೆಯ ಗಾಜು ಇಳಿಸಿ ಗಾಡಿ ಬಿಟ್ಟ.